ತುರ್ತು ನಿರ್ವಹಣೆಯ ನಿರ್ಧಾರ ನೆರವು ವ್ಯವಸ್ಥೆಗಳನ್ನು ಪರೀಕ್ಷಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೆರೆ, ಕಾಡ್ಗಿಚ್ಚು, ಭೂಕಂಪ, ಅಣು ಸ್ಥಾವರದ ಅವಘಡ. ಇಂಥ ಹೊತ್ತಿನಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ನೆರವಾಗಲೆಂದು ಹಲವು ಸಾಫ್ಟ್‌ವೇರ್‌ಗಳು ಬಂದಿವೆ. ಅವನ್ನು ಕೊಳ್ಳುವವರು, ಕಟ್ಟುವವರು, ಬಳಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಜಾಸ್ತಿ ಜನ ಎಡವುವುದು ಅಲ್ಲೇ.

ನಿರ್ಧಾರ ನೆರವು ವ್ಯವಸ್ಥೆ ಅಂದರೆ ಏನು? ನಮ್ಮಲ್ಲಿ ಡ್ಯಾಶ್‌ಬೋರ್ಡ್ ಇದೆ, ಅದು ಸಾಲದಾ?

ಡ್ಯಾಶ್‌ಬೋರ್ಡ್ ಈಗ ಏನಾಗುತ್ತಿದೆ ಎಂದು ತೋರಿಸುತ್ತದೆ. ನಿರ್ಧಾರ ನೆರವು ವ್ಯವಸ್ಥೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ನದಿ ಮಟ್ಟ ಇಷ್ಟಿದೆ ಎಂದರೆ ಮಾಹಿತಿ. ಆರು ಗಂಟೆಯಲ್ಲಿ ಇಷ್ಟಾಗಬಹುದು, ಆಗ ಈ ಮೂರು ಬಡಾವಣೆಗೆ ನೀರು ನುಗ್ಗುತ್ತದೆ, ಹೊರಡುವ ರಸ್ತೆ ಇನ್ನು ನಾಲ್ಕು ತಾಸು ಮಾತ್ರ ತೆರೆದಿರುತ್ತದೆ ಎಂದು ಹೇಳಿದರೆ ಅದು ನೆರವು. ಕೊನೆಯ ಮಾತು ಮಾತ್ರ ಮನುಷ್ಯನದ್ದೇ.

ಹೆಸರು ಏನೇ ಇಟ್ಟಿರಲಿ, ನೀವು ಒಂದೇ ಪ್ರಶ್ನೆ ಕೇಳಿ: ಇದನ್ನು ನೋಡಿ ಯಾರು, ಯಾವ ನಿರ್ಧಾರ ತೆಗೆದುಕೊಳ್ಳುತ್ತಾರೆ? ಇದಕ್ಕೆ ಯಾರೂ ಉತ್ತರ ಕೊಡದಿದ್ದರೆ ಮೌಲ್ಯಮಾಪನ ಶುರು ಮಾಡಲು ಇನ್ನೂ ಸಮಯ ಬಂದಿಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ಆಗಿದೆ, ಎಲ್ಲ ಪಾಸ್ ಆಗಿದೆ. ಮತ್ತೆ ಇನ್ನೇನು ಪರೀಕ್ಷೆ?

ಟೆಸ್ಟಿಂಗ್ ಬೇಕೇ ಬೇಕು. ಆದರೆ ಅದು ನೋಡುವುದು ಯಂತ್ರವನ್ನು ಮಾತ್ರ. ಯಂತ್ರ, ಅದನ್ನು ಬಳಸುವ ಜನ, ಅವರ ಕೆಲಸದ ಪದ್ಧತಿ, ಈ ಮೂರೂ ಒಟ್ಟಿಗೆ ನಡೆಯುತ್ತವೆಯೇ ಅನ್ನುವುದು ಬೇರೆಯೇ ಪ್ರಶ್ನೆ.

ಲಂಡನ್ ಆಂಬ್ಯುಲೆನ್ಸ್ ಸೇವೆಯ ಕಥೆ ಈ ಕ್ಷೇತ್ರದಲ್ಲಿರುವ ಎಲ್ಲರೂ ತಿಳಿದಿರಬೇಕು. 1992ರ ಅಕ್ಟೋಬರ್ 26ರಂದು ಅಲ್ಲಿ ಕಂಪ್ಯೂಟರ್ ಮೂಲಕ ಆಂಬ್ಯುಲೆನ್ಸ್ ಕಳಿಸುವ ಹೊಸ ವ್ಯವಸ್ಥೆ ಪೂರ್ಣವಾಗಿ ಚಾಲೂ ಆಯಿತು. ಪ್ರತಿ ವಾಹನ ಎಲ್ಲಿದೆ, ಖಾಲಿ ಇದೆಯೇ ಇಲ್ಲವೇ ಅನ್ನುವುದು ಅದಕ್ಕೆ ಸರಿಯಾಗಿ ತಿಳಿದಿರಲೇಬೇಕಿತ್ತು. ಆದರೆ ಕೆಲವೆಡೆ ರೇಡಿಯೋ ಸಿಗ್ನಲ್ ಸಿಗುತ್ತಿರಲಿಲ್ಲ. ಗಡಿಬಿಡಿಯಲ್ಲಿ ಸಿಬ್ಬಂದಿ ತಪ್ಪು ಗುಂಡಿ ಒತ್ತುತ್ತಿದ್ದರು. ವಾಹನಗಳ ಸ್ಥಿತಿ ತಪ್ಪಾಗಿ ದಾಖಲಾಯಿತು. ತಪ್ಪು ವಾಹನ ಹೋಯಿತು, ಒಂದೇ ಕಡೆಗೆ ಎರಡು ಹೋದವು. ಜನ ಮತ್ತೆ ಮತ್ತೆ ಕರೆ ಮಾಡಿದರು. ಕರೆ ಹೆಚ್ಚಿದಂತೆ ಎಚ್ಚರಿಕೆಯ ಸಂದೇಶಗಳ ಪಟ್ಟಿ ಬೆಳೆಯಿತು, ಹಳೆಯವು ಪರದೆಯಿಂದ ಮೇಲೆ ಸರಿದು ಕಣ್ಮರೆಯಾದವು. ಮರುದಿನ ಮಧ್ಯಾಹ್ನ ಅರ್ಧ ಕೈಕೆಲಸದ ಹಳೆ ಪದ್ಧತಿಗೆ ಮರಳಿದರು. ನವೆಂಬರ್ 4ರ ನಸುಕಿನಲ್ಲಿ ವ್ಯವಸ್ಥೆ ಪೂರ್ತಿ ನಿಂತೇಹೋಯಿತು. ಮೂರು ವಾರ ಹಿಂದೆ ಬಿಟ್ಟುಹೋಗಿದ್ದ ಒಂದು ಸಣ್ಣ ಕೋಡ್ ಮೆಮೊರಿಯನ್ನು ಮೆಲ್ಲಗೆ ತಿಂದುಹಾಕಿತ್ತು. ಬದಲಿ ಸರ್ವರ್ ಕೈಹಿಡಿಯಲಿಲ್ಲ.

ಇದರಲ್ಲಿ ಎಷ್ಟು ಯಂತ್ರದ ತಪ್ಪು, ಎಷ್ಟು ಜನರದ್ದು ಎಂದು ಬಿಡಿಸಿ ಹೇಳುವುದು ಕಷ್ಟ. ಒಂದರ ತಪ್ಪನ್ನು ಇನ್ನೊಂದು ದೊಡ್ಡದು ಮಾಡಿತು. ಬಿಡಿಬಿಡಿ ಪರೀಕ್ಷೆಯಲ್ಲಿ ಇಂಥದ್ದು ಎಂದೂ ಕಾಣುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ನಿರ್ಧಾರಗಳ ಪಟ್ಟಿಯಿಂದ. ಮೊದಲು ಸಾಫ್ಟ್‌ವೇರ್ ಪಕ್ಕಕ್ಕಿಡಿ. ನಿಮ್ಮ ವಿಪತ್ತಿನಲ್ಲಿ ಯಾವ ಯಾವ ನಿರ್ಧಾರ ಬರುತ್ತವೆ, ಯಾರು ತೆಗೆದುಕೊಳ್ಳುತ್ತಾರೆ, ಯಾವ ಗಂಟೆಯ ಒಳಗೆ ತೆಗೆದುಕೊಳ್ಳದಿದ್ದರೆ ಪ್ರಯೋಜನವಿಲ್ಲ ಎಂದು ಬರೆಯಿರಿ. ಒಂದು ಊರು ಖಾಲಿ ಮಾಡಿಸಲು ಎಂಟು ಗಂಟೆ ಬೇಕು ಎಂದಿಟ್ಟುಕೊಳ್ಳಿ. ವ್ಯವಸ್ಥೆ ಐದು ಗಂಟೆ ಮುಂಚೆ ಅತ್ಯಂತ ನಿಖರವಾಗಿ ಹೇಳಿದರೂ ಆ ನಿರ್ಧಾರಕ್ಕೆ ಅದು ಉಪಯೋಗವಿಲ್ಲ. ಹತ್ತು ಗಂಟೆ ಮುಂಚೆ ಸುಮಾರಾಗಿ ಹೇಳಿದರೂ ಉಪಯೋಗ ಇದೆ.

ಈ ಪಟ್ಟಿ ಒಂದು ಪುಟ ದಾಟಬೇಕಿಲ್ಲ. ಆದರೆ ಅದನ್ನು ರಾತ್ರಿ ಪಾಳಿಯಲ್ಲಿ ಕೂರುವವರ ಜೊತೆ ಕೂತು ಬರೆಯಬೇಕು. ಮೇಲಿನವರು ಮಾತ್ರ ಬರೆದ ಪಟ್ಟಿಯಲ್ಲಿ ದೊಡ್ಡ ನಿರ್ಧಾರಗಳಷ್ಟೇ ಇರುತ್ತವೆ. ಯಾವ ಕರೆಯನ್ನು ಮೊದಲು ಎತ್ತಬೇಕು, ಯಾರನ್ನು ಎಬ್ಬಿಸಬೇಕು ಅನ್ನುವಂಥವು ಬಿಟ್ಟುಹೋಗುತ್ತವೆ.

ಕಂಪನಿಯವರು "ನಮ್ಮದು 97% ನಿಖರ" ಅನ್ನುತ್ತಾರೆ. ನಂಬಬಹುದಾ?

ಆ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಇದು ಹೊಸ ಜಗಳವೂ ಅಲ್ಲ, 140 ವರ್ಷ ಹಳೆಯದು.

ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನಲ್ಲಿದ್ದ ಜಾನ್ ಪಾರ್ಕ್ ಫಿನ್ಲಿ 1884ರಲ್ಲಿ ಟೊರ್ನೆಡೊ, ಅಂದರೆ ಸುಂಟರಗಾಳಿಯ ಮುನ್ಸೂಚನೆ ಕೊಡತೊಡಗಿದರು. ಒಟ್ಟು 2803 ಮುನ್ಸೂಚನೆಗಳು. 96.6% ಸರಿ ಎಂದರು. ಒಳಗೆ ಇಣುಕಿ ನೋಡಿ. 100 ಸಲ "ಬರುತ್ತದೆ" ಅಂದಿದ್ದರು, ಬಂದದ್ದು 28 ಸಲ. ನಿಜವಾಗಿ ಬಂದ 51ರಲ್ಲಿ 23 ತಪ್ಪಿಹೋಗಿದ್ದವು. ಏನೂ ಆಗದ 2680 ಸಲ "ಬರಲ್ಲ" ಅಂದದ್ದು ಸರಿಯಾಗಿತ್ತು. ಅಂಕ ಏರಿದ್ದು ಅದರಿಂದ. ಅದೇ ವರ್ಷ ಗ್ರೋವ್ ಕಾರ್ಲ್ ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಇದನ್ನು ಎತ್ತಿ ತೋರಿಸಿದರು. ಕಣ್ಣುಮುಚ್ಚಿ ಯಾವಾಗಲೂ "ಬರಲ್ಲ" ಅಂದಿದ್ದರೆ 98.2% ಸರಿಯಾಗುತ್ತಿತ್ತು!

ವಿಪತ್ತು ಅಪರೂಪ. ಹಾಗಾಗಿ ಸುಮ್ನೆ ಕೂತ ವ್ಯವಸ್ಥೆಗೂ ಒಳ್ಳೆ ಅಂಕ ಸಿಗುತ್ತದೆ. ನೀವು ಕೇಳಬೇಕಾದ್ದು ನಾಲ್ಕು ಅಂಕಿ: ಹೇಳಿದ್ದು ಬಂತು, ಹೇಳಿದ್ದು ಬರಲಿಲ್ಲ, ಹೇಳದೆ ಬಂತು, ಹೇಳಲೂ ಇಲ್ಲ ಬರಲೂ ಇಲ್ಲ. ಈ ನಾಲ್ಕನ್ನು ಬಿಡಿಸಿ ಕೊಡದವರ ಜೊತೆ ಮಾತು ಮುಂದುವರಿಸುವುದು ಬೇಡ ಎಂದೇ ನನ್ನ ಸಲಹೆ.

ವ್ಯವಸ್ಥೆ ಶೇಕಡಾವಾರು ಸಾಧ್ಯತೆ ಹೇಳುತ್ತಿದ್ದರೆ ಇನ್ನೊಂದು ಪರೀಕ್ಷೆ ಬೇಕು. ಅದು 30% ಅಂದ ಎಲ್ಲ ಸಂದರ್ಭಗಳನ್ನು ಒಟ್ಟು ಹಾಕಿ. ಅವುಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಸಲ ನಿಜವಾಗಿರಬೇಕು. ಅರವತ್ತು ಸಲ ಆಗಿದ್ದರೆ ಅದು ಅಪಾಯವನ್ನು ಕಡಿಮೆ ಮಾಡಿ ಹೇಳುತ್ತಿದೆ. ಇಂಥ ಮುನ್ಸೂಚನೆಗೆ ಅಂಕ ಕೊಡಲು ಗ್ಲೆನ್ ಬ್ರೈಯರ್ 1950ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ.

ಹುಸಿ ಎಚ್ಚರಿಕೆ ಜಾಸ್ತಿ ಆದರೆ ಜನ ನಂಬಲ್ಲ. ಕಡಿಮೆ ಮಾಡಿದರೆ ನಿಜವಾದದ್ದು ತಪ್ಪಿಹೋಗುತ್ತದೆ. ಗೆರೆ ಎಲ್ಲಿ ಎಳೆಯೋದು?

ಎರಡೂ ಭಯ ನಿಜ. ಗೆರೆ ಎಳೆಯಲು ಒಂದು ಸರಳ ಲೆಕ್ಕ ಇದೆ. ಮುನ್ನೆಚ್ಚರಿಕೆಯ ಖರ್ಚನ್ನು, ಅದು ತಪ್ಪಿಸಬಹುದಾದ ನಷ್ಟದಿಂದ ಭಾಗಿಸಿ. ಖರ್ಚು 1, ನಷ್ಟ 20 ಎಂದಾದರೆ ಬರುವುದು 5%. ಅಂದರೆ ವಿಪತ್ತಿನ ಸಾಧ್ಯತೆ 5% ದಾಟಿದರೇ ಹೆಜ್ಜೆ ಇಡುವುದು ಲಾಭ. ಅಷ್ಟು ಕಡಿಮೆ ಸಾಧ್ಯತೆಯಲ್ಲಿ ಹೆಜ್ಜೆ ಇಟ್ಟರೆ ಹೆಚ್ಚಿನ ಎಚ್ಚರಿಕೆಗಳು ಹುಸಿಯಾಗುತ್ತವೆ. ಅದು ವ್ಯವಸ್ಥೆಯ ಸೋಲಲ್ಲ, ಲೆಕ್ಕದಲ್ಲೇ ಬರುವ ಬೆಲೆ.

ಬೇರೆ ಬೇರೆ ನಿರ್ಧಾರಕ್ಕೆ ಗೆರೆ ಬೇರೆ. ಸಿಬ್ಬಂದಿಯನ್ನು ಸಜ್ಜಾಗಿರಲು ಹೇಳುವುದು ಅಗ್ಗ, ಬೇಗ ಹೇಳಬಹುದು. ಆಸ್ಪತ್ರೆ ಖಾಲಿ ಮಾಡಿಸುವುದರಲ್ಲೇ ರೋಗಿಗಳ ಜೀವಕ್ಕೆ ಅಪಾಯ ಇದೆ, ಅಲ್ಲಿ ಗೆರೆ ಮೇಲಿರಬೇಕು. ಎಲ್ಲಕ್ಕೂ ಒಂದೇ ಕೆಂಪು ದೀಪ ಹಚ್ಚುವ ವ್ಯವಸ್ಥೆ ಕಂಡರೆ ಪ್ರಶ್ನೆ ಮಾಡಿ. ಗೆರೆ ಎಲ್ಲಿರಬೇಕು ಅನ್ನುವುದನ್ನು ಪ್ರೋಗ್ರಾಂ ಬರೆದವರು ಒಬ್ಬರೇ ತೀರ್ಮಾನಿಸಬಾರದು. ಜೀವದ ವಿಷಯದಲ್ಲಿ ಅದು ಜವಾಬ್ದಾರಿ ಹೊತ್ತವರು ಎಲ್ಲರೆದುರು ಮಾಡಬೇಕಾದ ತೀರ್ಮಾನ.

ಅನಿಶ್ಚಿತತೆ ತೋರಿಸಿದರೆ ಅಧಿಕಾರಿಗಳು ಗಲಿಬಿಲಿ ಆಗಲ್ವಾ? ಒಂದೇ ಅಂಕಿ ಕೊಡೋದು ಒಳ್ಳೇದಲ್ವಾ?

1997ರ ವಸಂತದಲ್ಲಿ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ನಗರಕ್ಕೆ ಸಿಕ್ಕಿದ್ದು ಒಂದೇ ಅಂಕಿ. ರೆಡ್ ನದಿಯ ಮಟ್ಟ 49 ಅಡಿಗೆ ಏರಬಹುದು ಎಂದು ವಾರಗಟ್ಟಲೆ ಮುಂಚೆಯೇ ಮುನ್ಸೂಚನೆ ಬಂದಿತ್ತು. ನಗರದವರು ಅದಕ್ಕಿಂತ ಮೂರು ಅಡಿ ಎತ್ತರಕ್ಕೆ ತಡೆ ಕಟ್ಟಿಕೊಂಡು ಕಾದರು. ನದಿ 54 ಅಡಿ ದಾಟಿತು. ನಗರ ಮುಳುಗಿತು, ಹತ್ತಿರ ಹತ್ತಿರ ಊರಿಗೆ ಊರೇ ಖಾಲಿಯಾಯಿತು.

ನನಗೆ ಈ ಘಟನೆ ತುಂಬಾ ಕಾಡುತ್ತದೆ. ಶೇಕಡಾ ಹತ್ತರಷ್ಟು ತಪ್ಪು ನೆರೆಯ ಮುನ್ಸೂಚನೆಯಲ್ಲಿ ವಿಚಿತ್ರವೇನಲ್ಲ. ಹಿಂದಿನ ವರ್ಷಗಳ ತಪ್ಪಿನ ಲೆಕ್ಕವನ್ನು ಅದೇ ಅಂಕಿಯ ಪಕ್ಕ ಬರೆದಿದ್ದರೆ ಮೂರು ಅಡಿ ಸಾಕೇ ಎಂಬ ಪ್ರಶ್ನೆ ಯಾರಿಗಾದರೂ ಏಳುತ್ತಿತ್ತು.

ಹಾಗೆಂದು ಪರದೆ ತುಂಬ ವಕ್ರರೇಖೆ ಸುರಿದರೂ ಉಪಯೋಗವಿಲ್ಲ. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಪೇಜರ್ ವ್ಯವಸ್ಥೆ ಭೂಕಂಪವಾದ ಸ್ವಲ್ಪ ಹೊತ್ತಿಗೇ ಸಾವುನೋವಿನ ಅಂದಾಜು ಕೊಡುತ್ತದೆ. ಮೊದಲು ಹಸಿರು, ಹಳದಿ, ಕಿತ್ತಳೆ, ಕೆಂಪು, ಈ ನಾಲ್ಕರಲ್ಲಿ ಒಂದು ಬಣ್ಣ. ಕೆಳಗೆ ಯಾವ ಮಟ್ಟದ ನಷ್ಟಕ್ಕೆ ಎಷ್ಟು ಸಾಧ್ಯತೆ ಎಂಬ ಚಿತ್ರ. ಅವಸರದವರಿಗೆ ಬಣ್ಣ ಸಾಕು, ಯೋಚಿಸುವವರಿಗೆ ಹರವು ಸಿಗುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಬಳಸುವವರನ್ನು ಕೇಳಿ: "ಇದು ಹೇಳಿದ್ದಕ್ಕಿಂತ ಎಷ್ಟು ಕೆಟ್ಟದಾಗಬಹುದು?" ಪರದೆ ನೋಡಿ ಅವರು ಉತ್ತರ ಹೇಳಬಲ್ಲರಾದರೆ ವಿನ್ಯಾಸ ಸರಿ ಇದೆ.

ವೇಗ ಮುಖ್ಯವೋ ನಿಖರತೆ ಮುಖ್ಯವೋ?

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಮಿ ನಡುಗಿದ್ದು ಮಧ್ಯಾಹ್ನ 2:46ಕ್ಕೆ. ಮೂರೇ ನಿಮಿಷದಲ್ಲಿ ಸುನಾಮಿ ಎಚ್ಚರಿಕೆ ಹೊರಟಿತು. ಅಷ್ಟು ಬೇಗ ಹೊರಟದ್ದು ದೊಡ್ಡ ಸಾಧನೆ. ಆದರೆ ಆ ಕ್ಷಣದ ಅಂದಾಜು 7.9 ತೀವ್ರತೆ, ನಿಜವಾದದ್ದು 9.0. ಇವಾಟೆ ಪ್ರಾಂತ್ಯಕ್ಕೆ 3 ಮೀಟರ್ ಅಲೆ ಎಂದು ಹೇಳಲಾಯಿತು. ಆಮೇಲೆ ಅಂಕಿ ಏರಿಸಿದರು. ಅಷ್ಟರಲ್ಲಿ ಕರೆಂಟು ಹೋಗಿ ಹಲವರಿಗೆ ಎರಡನೇ ಸಂದೇಶ ಮುಟ್ಟಲೇ ಇಲ್ಲ.

2013ರಲ್ಲಿ ಅಲ್ಲಿನ ಹವಾಮಾನ ಸಂಸ್ಥೆ ಪದ್ಧತಿ ಬದಲಿಸಿತು. ಭೂಕಂಪ ತೀರಾ ದೊಡ್ಡದು, ಅಳತೆ ಇನ್ನೂ ಖಚಿತವಿಲ್ಲ ಎಂದಾದರೆ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕ ಇರುವುದಿಲ್ಲ. "ಭಾರಿ", "ಎತ್ತರದ" ಎಂಬ ಮಾತು ಮಾತ್ರ. ಆತುರದ ಅಂಕಿಗೆ ಜನ ಜೋತುಬೀಳುತ್ತಾರೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಬದಲಾವಣೆ ಇದು. ಮೌಲ್ಯಮಾಪನ ಮಾಡುವಾಗ ಮೊದಲ ಉತ್ತರಕ್ಕೂ ಎರಡನೇ ಉತ್ತರಕ್ಕೂ ನಡುವೆ ಏನಾಗುತ್ತದೆ ಎಂದು ಬೇರೆಯಾಗಿ ನೋಡಿ. ತಿದ್ದುಪಡಿ ಬಂದಾಗ ಪರದೆಯಲ್ಲಿ ಅದು ಎದ್ದು ಕಾಣುತ್ತದೆಯೇ? ಹಳೆಯದನ್ನು ಕೇಳಿ ಹೊರಟವರಿಗೆ ಹೊಸದು ತಲುಪುತ್ತದೆಯೇ?

ಲೆಕ್ಕ ಹಾಕುವ ಮಾದರಿ ಚೆನ್ನಾಗಿಯೇ ಇದ್ದು ಬಳಕೆಗೆ ಬಾರದೇ ಹೋಗಬಹುದಾ?

ಹೋಗಬಹುದು. ಅದೇ ದುರಂತದಲ್ಲಿ ಫುಕುಷಿಮಾ ಅಣು ಸ್ಥಾವರದ ಸುತ್ತ ಆದದ್ದು ಹೀಗೇ. ವಿಕಿರಣ ಗಾಳಿಯಲ್ಲಿ ಯಾವ ಕಡೆ ಹರಡುತ್ತದೆ ಎಂದು ಲೆಕ್ಕ ಹಾಕಲು ಜಪಾನಿನಲ್ಲಿ ಸ್ಪೀಡಿ ಎಂಬ ವ್ಯವಸ್ಥೆ ವರ್ಷಗಳಿಂದ ಇತ್ತು. ಸ್ಥಾವರದಲ್ಲಿ ಕರೆಂಟು ಹೋದ ಮೇಲೆ ಎಷ್ಟು ವಿಕಿರಣ ಸೋರುತ್ತಿದೆ ಎಂಬ ಅಳತೆಯೇ ಸಿಗಲಿಲ್ಲ. ಊಹೆಯ ಪ್ರಮಾಣ ಇಟ್ಟು ಲೆಕ್ಕ ಓಡಿಸಿದರು. ಪ್ರಮಾಣ ಗೊತ್ತಿಲ್ಲದಿದ್ದರೂ ದಿಕ್ಕು ತಿಳಿಯಬಹುದಿತ್ತು. ಆದರೆ ಆ ನಕ್ಷೆಗಳು ಸ್ಥಳೀಯ ಆಡಳಿತಗಳ ಕೈಗೆ ಸಮಯಕ್ಕೆ ಸೇರಲಿಲ್ಲ. ಮೊದಲ ಸಲ ಹೊರಗೆ ಬಿಟ್ಟಿದ್ದು ಮಾರ್ಚ್ 23ಕ್ಕೆ. ಅಷ್ಟರಲ್ಲಿ ನಾಮಿಯೆ ಊರಿನ ಸಾವಿರಾರು ಜನ ಸುರಕ್ಷಿತ ಎಂದು ನಂಬಿ ತ್ಸುಶಿಮಾ ಪ್ರದೇಶಕ್ಕೆ ಹೋಗಿ ದಿನಗಳ ಕಾಲ ಇದ್ದರು. ವಿಕಿರಣ ಹರಡಿದ್ದು ಅದೇ ದಿಕ್ಕಿಗೆ.

ಇಲ್ಲಿ ಮೌಲ್ಯಮಾಪಕರು ಕೇಳಬೇಕಿದ್ದ ಪ್ರಶ್ನೆಗಳು ಎರಡು. ಮುಖ್ಯ ಮಾಹಿತಿಯೇ ಬಾರದಿದ್ದರೆ ವ್ಯವಸ್ಥೆ ಏನು ಕೊಡುತ್ತದೆ? ಅರ್ಧಂಬರ್ಧ ಉತ್ತರವನ್ನು ಯಾರು, ಯಾರ ಅನುಮತಿಯಿಂದ, ಯಾರಿಗೆ ಕಳಿಸುತ್ತಾರೆ? ಎರಡನೆಯದಕ್ಕೆ ಉತ್ತರ ಕಾಗದದ ಮೇಲೆ ಬರೆದಿರಲೇಬೇಕು.

ಅನುಭವಿಗಳು ಇದನ್ನು ತೆರೆದೂ ನೋಡುವುದಿಲ್ಲ. ಅವರನ್ನು ಒಪ್ಪಿಸುವುದು ಹೇಗೆ?

ಒಪ್ಪಿಸುವ ಮುಂಚೆ ಅವರು ಯಾಕೆ ನೋಡುವುದಿಲ್ಲ ಎಂದು ತಿಳಿದುಕೊಳ್ಳಿ. 1980ರ ದಶಕದಲ್ಲಿ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ ಅಗ್ನಿಶಾಮಕ ದಳದ ಮುಂದಾಳುಗಳನ್ನು ಅಧ್ಯಯನ ಮಾಡಿದರು. ಆ ಮುಂದಾಳುಗಳು ನಾಲ್ಕಾರು ದಾರಿ ಇಟ್ಟುಕೊಂಡು ತೂಗಿ ನೋಡುತ್ತಿರಲಿಲ್ಲ. ಪರಿಸ್ಥಿತಿ ಹಿಂದೆ ಕಂಡ ಯಾವುದಕ್ಕೆ ಹೋಲುತ್ತದೆ ಎಂದು ಗುರುತಿಸಿ, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ನಡೆಸಿ ನೋಡಿ, ಸರಿ ಕಂಡರೆ ಮುಂದಾಗುತ್ತಿದ್ದರು.

ಇಂಥವರ ಕೈಗೆ ಹತ್ತು ಆಯ್ಕೆ, ಪ್ರತಿಯೊಂದಕ್ಕೂ ಅಂಕ ಇರುವ ಕೋಷ್ಟಕ ಕೊಟ್ಟರೆ ಪಕ್ಕಕ್ಕಿಡುತ್ತಾರೆ, ಸರಿಯೇ. ಅವರಿಗೆ ಬೇಕಾದ್ದು ಪರಿಸ್ಥಿತಿಯ ಸ್ಪಷ್ಟ ಚಿತ್ರ ಮತ್ತು "ನೀವು ಅಂದುಕೊಂಡದ್ದಕ್ಕೆ ಇದು ಹೊಂದುತ್ತಿಲ್ಲ" ಎಂಬ ಸುಳಿವು. ದಿನಗಟ್ಟಲೆ ಸಮಯ ಇರುವ ಕೆಲಸ ಬೇರೆ. ಕಲುಷಿತ ನೆಲವನ್ನು ಹೇಗೆ ಶುದ್ಧ ಮಾಡುವುದು, ಜನರನ್ನು ಯಾವಾಗ ವಾಪಸ್ ಕರೆಸುವುದು ಅನ್ನುವಲ್ಲಿ ಆಯ್ಕೆಗಳನ್ನು ತೂಗುವ ಕೋಷ್ಟಕ ನಿಜಕ್ಕೂ ನೆರವಾಗುತ್ತದೆ. ಚೆರ್ನೋಬಿಲ್ ದುರಂತದ ನಂತರ ಅಣು ಅವಘಡಗಳಿಗೆಂದು ಯುರೋಪಿನಲ್ಲಿ ಕಟ್ಟಿದ ರೋಡೋಸ್ ವ್ಯವಸ್ಥೆಯಲ್ಲಿ ಇಂಥ ಭಾಗ ಇದೆ.

ಅಣಕು ಕಾರ್ಯಾಚರಣೆಯಲ್ಲಿ ಪರೀಕ್ಷಿಸುವುದು ಹೇಗೆ?

ನಿಜವಾದ ವಿಪತ್ತಿಗೆ ಕಾಯಲಾಗದು. ಹಾಗಾಗಿ ಮೌಲ್ಯಮಾಪನದ ಬಹುಪಾಲು ನಡೆಯುವುದು ಇಲ್ಲೇ.

ಸಾಧ್ಯವಾದರೆ ಎರಡು ತಂಡ ಮಾಡಿ. ಇಬ್ಬರಿಗೂ ಒಂದೇ ಕಥೆ, ಅಂದರೆ ಒಂದೇ ಕಲ್ಪಿತ ವಿಪತ್ತು. ಒಂದು ತಂಡಕ್ಕೆ ವ್ಯವಸ್ಥೆ, ಇನ್ನೊಂದಕ್ಕೆ ನಕ್ಷೆ, ಫೋನು, ಬಿಳಿ ಹಲಗೆ. ಜನ ಕಡಿಮೆ ಇದ್ದರೆ ಎರಡು ಕಥೆ ಬರೆದು ಅದಲುಬದಲು ಮಾಡಿ. ಹೋಲಿಕೆಯೇ ಇಲ್ಲದಿದ್ದರೆ "ತುಂಬಾ ಚೆನ್ನಾಗಿತ್ತು" ಎಂಬ ಬಾಯಿಮಾತು ಮಾತ್ರ ಉಳಿಯುತ್ತದೆ.

ಕಥೆಯಲ್ಲಿ ತೊಡಕು ಇಡಿ. ಒಂದು ಸೆನ್ಸರ್ ಸತ್ತಿದೆ. ನಕ್ಷೆಯಲ್ಲಿ ತೆರೆದಿರುವ ಸೇತುವೆ ನಿಜದಲ್ಲಿ ಮುರಿದಿದೆ. ಎರಡು ಕಡೆಯಿಂದ ಒಂದಕ್ಕೊಂದು ತಾಳೆಯಾಗದ ವರದಿ ಬರುತ್ತದೆ. ಒಮ್ಮೆ ವ್ಯವಸ್ಥೆಯೇ ತಪ್ಪು ಸಲಹೆ ಕೊಡುವಂತೆ ಮಾಡಿ, ಯಾರಾದರೂ ತಡೆಯುತ್ತಾರೆಯೇ ನೋಡಿ. ಯಂತ್ರ ಹೇಳಿತು ಎಂದು ಕಣ್ಣೆದುರಿನ ಸಾಕ್ಷಿಯನ್ನೇ ಬಿಟ್ಟುಬಿಡುವುದು ದಣಿದ ಮನುಷ್ಯರಲ್ಲಿ ಸಾಮಾನ್ಯ.

ಪ್ರತಿ ಮುಖ್ಯ ನಿರ್ಧಾರಕ್ಕೂ ಐದು ಸಮಯ ಬರೆದಿಡಿ: ಮಾಹಿತಿ ಬಂದದ್ದು, ಯಾರೋ ಗಮನಿಸಿದ್ದು, ನಿರ್ಧಾರವಾದದ್ದು, ಆದೇಶ ಹೊರಟದ್ದು, ಸ್ಥಳದಲ್ಲಿದ್ದವರಿಗೆ ಮುಟ್ಟಿದ್ದು. ನಾನು ನೋಡಿದ ಒಂದು ಅಭ್ಯಾಸದಲ್ಲಿ ವ್ಯವಸ್ಥೆ ಕೆಲವೇ ನಿಮಿಷದಲ್ಲಿ ಉತ್ತರ ಕೊಟ್ಟಿತ್ತು. ಆದೇಶ ಹೊರಡಲು ಮುಕ್ಕಾಲು ಗಂಟೆ ಹಿಡಿಯಿತು. ಸಹಿ ಮಾಡುವವರು ಬೇರೆ ಕಟ್ಟಡದಲ್ಲಿದ್ದರು. ಅಂಥ ಕಡೆ ಲೆಕ್ಕವನ್ನು ಇನ್ನೂ ಚುರುಕು ಮಾಡಿ ಏನು ಪ್ರಯೋಜನ?

ಇನ್ನೊಂದು ಉಪಾಯ ಮಿಕಾ ಎಂಡ್ಸ್ಲಿ ಅವರದು. ವಿಮಾನ ಚಾಲಕರ ಅಧ್ಯಯನದಿಂದ ಬಂದದ್ದು. ನಡುವೆ ತಟ್ಟನೆ ಆಟ ನಿಲ್ಲಿಸಿ, ಪರದೆಗಳನ್ನು ಕಪ್ಪು ಮಾಡಿ ಕೇಳಬೇಕು: ಈಗ ಎಷ್ಟು ತಂಡಗಳು ಹೊರಗಿವೆ? ಯಾವ ಆಶ್ರಯ ಕೇಂದ್ರ ತುಂಬಿದೆ? ಮುಂದಿನ ಒಂದು ಗಂಟೆಯಲ್ಲಿ ಏನಾಗುತ್ತದೆ? ಮಾಹಿತಿ ಕಂಡಿದೆಯೇ, ಅರ್ಥವಾಗಿದೆಯೇ, ಮುಂದಿನದನ್ನು ಊಹಿಸಬಲ್ಲರೇ ಎಂಬ ಮೂರು ಮಟ್ಟ ಇದರಲ್ಲಿ ಹೊರಬರುತ್ತದೆ. ಪರದೆಯಲ್ಲಿ ಎಲ್ಲವೂ ಇದ್ದು ತಲೆಯಲ್ಲಿ ಏನೂ ಇಲ್ಲ ಎಂಬುದು ಎಷ್ಟೋ ಸಲ ಕಂಡುಬರುತ್ತದೆ.

ಮತ್ತೆ, ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಗಳನ್ನು ಓದಿ. ಸಿಬ್ಬಂದಿ ಕೈಯಲ್ಲಿ ಬರೆದಿಟ್ಟುಕೊಂಡದ್ದೆಲ್ಲ ವ್ಯವಸ್ಥೆ ಕೊಡಬೇಕಿದ್ದು ಕೊಡದೇ ಇರುವುದರ ಪಟ್ಟಿ. ನನಗೆ ಸಿಕ್ಕ ಒಳ್ಳೆಯ ಸುಳಿವುಗಳಲ್ಲಿ ಅರ್ಧ ಅಂಥ ಚೀಟಿಗಳಿಂದಲೇ ಬಂದವು.

ಸಿದ್ಧ ಪ್ರಶ್ನಾವಳಿ ಯಾವುದಾದರೂ ಇದೆಯಾ?

ಎರಡು ಸಾಕು. ಬಳಸಲು ಸುಲಭವೇ ಎಂದು ಅಳೆಯಲು ಜಾನ್ ಬ್ರೂಕ್ ಅವರ ಹತ್ತು ಪ್ರಶ್ನೆಗಳ ಎಸ್‌ಯುಎಸ್. ಕೆಲಸದ ಒತ್ತಡ ಅಳೆಯಲು 1988ರಲ್ಲಿ ಪ್ರಕಟವಾದ ನಾಸಾ ಟಿಎಲ್‌ಎಕ್ಸ್. ಅದರಲ್ಲಿ ಆರು ಅಳತೆ. ಇವು ಅನಿಸಿಕೆ ಹೇಳುತ್ತವೆ ಅಷ್ಟೇ. ಐದು ಸಮಯಗಳ ದಾಖಲೆ ಇಲ್ಲದೆ ಇವನ್ನು ಮಾತ್ರ ವರದಿಗೆ ಹಾಕಬೇಡಿ.

ತಪ್ಪು ಸಂದೇಶ ಹೊರಟರೆ?

ವಾಪಸ್ ಪಡೆಯುವುದನ್ನೂ ಪರೀಕ್ಷಿಸಬೇಕು. 2018ರ ಜನವರಿ 13ರ ಬೆಳಿಗ್ಗೆ ಹವಾಯಿಯ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ ಎಂಬ ಎಚ್ಚರಿಕೆ ಹೋಯಿತು. ಅದು ಸುಳ್ಳು ಎಂಬ ಸಂದೇಶ ಅದೇ ದಾರಿಯಲ್ಲಿ ಹೋಗಲು 38 ನಿಮಿಷ ಬೇಕಾಯಿತು. ತಿದ್ದುಪಡಿ ಸಂದೇಶದ ಸಿದ್ಧ ನಮೂನೆಯೇ ಅವರ ಬಳಿ ಇರಲಿಲ್ಲ. ನಿಮ್ಮ ಅಭ್ಯಾಸದಲ್ಲಿ ಒಮ್ಮೆ ಬೇಕಂತಲೇ ತಪ್ಪು ಎಚ್ಚರಿಕೆ ಕಳಿಸುವಂತೆ ಮಾಡಿ ಗಡಿಯಾರ ನೋಡಿ. ಹೊರಗಿನವರಿಗೆ ಹೋಗದಂತೆ ತಂತಿ ಕಳಚಿಟ್ಟು ಮಾಡಿ.

ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿದ್ದರೆ?

ಅಭ್ಯಾಸದ ನಡುವೆ ಪ್ಲಗ್ ತೆಗೆಯಿರಿ. ಹೇಳದೆ ತೆಗೆಯಿರಿ. ಕಾಗದದ ಪದ್ಧತಿಗೆ ಇಳಿಯಲು ಎಷ್ಟು ಹೊತ್ತು, ಮತ್ತೆ ಮೇಲೇರಿದಾಗ ನಡುವಿನ ದಾಖಲೆ ಸೇರಿಸಲು ಎಷ್ಟು ಹೊತ್ತು ಎಂದು ಬರೆದಿಡಿ.

ವಿಪತ್ತು ಮುಗಿಯಿತು, ಸಾವು ಕಡಿಮೆ. ಅದು ವ್ಯವಸ್ಥೆಯಿಂದಲೇ ಎಂದು ಹೇಳಬಹುದಾ?

ಇಲ್ಲಿ ತುಂಬಾ ಜಾಗ್ರತೆ ಬೇಕು. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಸತ್ತವರು ನೂರರೊಳಗೆ. ಮುನ್ಸೂಚನೆ ಸುಧಾರಿಸಿತ್ತು ನಿಜ. ಅದರ ಜೊತೆಗೆ ಆಶ್ರಯ ಕಟ್ಟಡಗಳು ಎದ್ದಿದ್ದವು, ಫೋನುಗಳು ಬಂದಿದ್ದವು, ಊರೂರಲ್ಲಿ ತರಬೇತಿ ಪಡೆದ ಸ್ವಯಂಸೇವಕರಿದ್ದರು, ಹಿಂದಿನ ನೆನಪು ಹಸಿಯಾಗಿತ್ತು. ಎರಡೂ ಚಂಡಮಾರುತಗಳು ನೆಲ ಮುಟ್ಟಿದ ಜಾಗವೂ ಬೇರೆ. ಇಷ್ಟರಲ್ಲಿ ಒಂದು ಸಾಫ್ಟ್‌ವೇರಿನ ಪಾಲನ್ನು ಬೇರ್ಪಡಿಸಿ ಹೇಳಲಾಗದು.

ಹೇಳಬಹುದಾದ್ದು ಇಷ್ಟು: ಯಾವ ನಿರ್ಧಾರ, ಯಾವ ಗಂಟೆಗೆ, ಯಾವ ಮಾಹಿತಿ ನೋಡಿ ಆಯಿತು. ಆ ಮಾಹಿತಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಿರ್ಧಾರ ಮಾಡಿದವರನ್ನು ವಾರದೊಳಗೆ ಕೇಳಿ. ತಿಂಗಳು ಕಳೆದರೆ ನೆನಪು ಬದಲಾಗುತ್ತದೆ. ಹೀಗೆ ಕೇಳಲು ಲಾಗ್, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆ ಬೇಕು. ಲಾಗ್ ಇಡದ ವ್ಯವಸ್ಥೆಯನ್ನು ಒಪ್ಪಬೇಡಿ.

ಫಲ ಚೆನ್ನಾಗಿ ಬಂದದ್ದಕ್ಕೆ ನಿರ್ಧಾರವೂ ಚೆನ್ನಾಗಿತ್ತು ಎಂದು ತೀರ್ಮಾನಿಸಬೇಡಿ. ಚಂಡಮಾರುತ ದಿಕ್ಕು ಬದಲಿಸಿ ಹೋದರೆ ತಡವಾದ ಸ್ಥಳಾಂತರವೂ ಗೆದ್ದಂತೆ ಕಾಣುತ್ತದೆ.

ಎಐ ಇರುವ ವ್ಯವಸ್ಥೆಗೆ ಬೇರೆ ಪರೀಕ್ಷೆ ಬೇಕಾ?

ಮೇಲಿನವೆಲ್ಲ ಬೇಕು, ಜೊತೆಗೆ ಒಂದೆರಡು. ಯಾವ ಘಟನೆಗಳಿಂದ ಕಲಿಸಿದ್ದಾರೆ ಎಂದು ಕೇಳಿ, ಅವುಗಳಲ್ಲಿ ಇಲ್ಲದ ಘಟನೆ ಕೊಟ್ಟು ನೋಡಿ. ದೊಡ್ಡ ವಿಪತ್ತಿನ ಉದಾಹರಣೆಗಳು ಕಲಿಕೆಯ ಡೇಟಾದಲ್ಲಿ ಕಡಿಮೆಯೇ ಇರುತ್ತವೆ. ಪರಿಚಯವಿಲ್ಲದ ಪರಿಸ್ಥಿತಿಯಲ್ಲೂ ಅದು ಅಷ್ಟೇ ಧೈರ್ಯದಿಂದ ಉತ್ತರ ಕೊಟ್ಟರೆ ಅದು ಅಪಾಯದ ಗುರುತು.

ಮೌಲ್ಯಮಾಪನ ಯಾರು ಮಾಡಬೇಕು, ಎಷ್ಟು ಸಲ?

ಮಾರಿದವರೂ ಅಲ್ಲ, ಕೊಳ್ಳಲು ಸಹಿ ಮಾಡಿದವರೂ ಅಲ್ಲ. ಹೊರಗಿನ ಒಬ್ಬರು, ರಾತ್ರಿ ಪಾಳಿಯ ಒಬ್ಬರು, ಎಚ್ಚರಿಕೆ ಪಡೆಯುವ ಊರಿನ ಒಬ್ಬರು ತಂಡದಲ್ಲಿರಲಿ. ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ, ಅದು ನನಗೆ ಬೇಸರದ ವಿಷಯ. ಸಂದೇಶದ ಮಾತು ಅರ್ಥವಾಗುತ್ತದೆಯೇ ಎಂದು ಅವರಲ್ಲದೆ ಇನ್ಯಾರು ಹೇಳಬೇಕು?

ವರ್ಷಕ್ಕೆ ಒಮ್ಮೆಯಾದರೂ ಪೂರ್ಣ ಅಭ್ಯಾಸ ಬೇಕು. ಜೊತೆಗೆ ಸಾಫ್ಟ್‌ವೇರ್ ಬದಲಾದಾಗ, ಸಿಬ್ಬಂದಿ ಬದಲಾದಾಗ, ನಕ್ಷೆ ಬದಲಾದಾಗ ಚಿಕ್ಕ ಪರೀಕ್ಷೆ. ಲಂಡನ್ ಪ್ರಕರಣದಲ್ಲಿ ತರಬೇತಿಗೂ ಚಾಲೂ ಆದದ್ದಕ್ಕೂ ನಡುವೆ ಬಹಳ ಅಂತರ ಬಿದ್ದು ಕಲಿತದ್ದು ಮರೆತುಹೋಗಿತ್ತು.

ಪರೀಕ್ಷೆಯಲ್ಲಿ ದೋಷ ಕಂಡವು. ಆದರೆ ಮಳೆಗಾಲ ಹತ್ತಿರ ಬಂತು, ಹಣವೂ ಖರ್ಚಾಗಿದೆ. ಏನು ಮಾಡುವುದು?

ದೋಷಗಳನ್ನು ನಿರ್ಧಾರಗಳ ಪಟ್ಟಿಯ ಪಕ್ಕ ಬರೆಯಿರಿ. ಯಾವ ನಿರ್ಧಾರಕ್ಕೆ ಈ ವ್ಯವಸ್ಥೆ ನಂಬಬಹುದು, ಯಾವುದಕ್ಕೆ ಇನ್ನೂ ಬೇಡ ಎಂದು ಸಾಲುಸಾಲಾಗಿ ಗುರುತು ಹಾಕಿ. ಬೇಡ ಎಂದಿರುವ ಕಡೆ ಹಳೆ ಪದ್ಧತಿಯನ್ನೇ ಜೊತೆಗೆ ನಡೆಸಿ, ಅದಕ್ಕೆ ಬೇಕಾದ ಜನರನ್ನು ಕಡಿಮೆ ಮಾಡಬೇಡಿ. ಆ ಹಾಳೆಯನ್ನು ಪ್ರತಿ ಮೇಜಿನ ಮೇಲೆ ಅಂಟಿಸಿ, ಕೊನೆಯ ಪರೀಕ್ಷೆಯ ತಾರೀಕಿನ ಜೊತೆ.